ಕತ್ತಿಯ ಹಿಡಿ ಬಿಚ್ಚಿದ ಬಗ್ಗೆ

ಆಗಸ್ಟ್ 3, ಶನಿವಾರ

ನನ್ನ ಸಿಡುಕಿಗೆ,

ಅಪ್ಪನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ, ಮಾತ್ರೆ ಮರೆಯುವುದಿಲ್ಲ, ಮರೆತರೂ ನಿನಗೆ ಹೇಳುವುದಿಲ್ಲ. ನೀನೂ ಅಳಿಯಂದಿರೂ ಹುಷಾರಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಪಾರ್ಸೆಲ್ಲು ಹೋದ ತಿಂಗಳೇ ಕೈಸೇರಿತು. ಉತ್ತರ ತಡವಾಯಿತು, ಮುಖ ಊದಿಸಿಕೊಳ್ಳಬೇಡ. ಒಂದು ಫೋನಾದರೂ ಮಾಡಬಹುದಿತ್ತಲ್ಲ ಎನ್ನುತ್ತೀಯ. ಆಯಸ್ಸೆಲ್ಲ ಸಾಣೆಚಕ್ರದ ಮುಂದೆ ಕೂತು ಸವೆದ ಕಿವಿಗೆ ಫೋನು ಎಂದರೆ ಡಬ್ಬಿಯೊಳಗೆ ಸಿಕ್ಕಿಕೊಂಡ ನೊಣ. ನೀನು ಅರ್ಧ ಗಂಟೆ ಮಾತಾಡಿದರೂ ನನಗೆ ಕೇಳಿಸುವುದು ‘ಹಲೋ’ ಮತ್ತು ‘ಸರಿ, ಇಡ್ಲಾ?’ ಎರಡೇ. ಪತ್ರವೇ ವಾಸಿ. ನೀನು ಬೈದಿದ್ದನ್ನು ಎರಡು ಸಲ ಓದಿಕೊಳ್ಳಬಹುದು.

ತಡವಾದದ್ದಕ್ಕೆ ನಿಜವಾದ ಕಾರಣ ಬೇರೆ. ಕತ್ತಿಯನ್ನು ಕಿಟಕಿಯ ಹತ್ತಿರದ ಮೇಜಿನ ಮೇಲಿಟ್ಟು, ದಿನಾ ಬೆಳಿಗ್ಗೆ ಅದರ ಮುಂದೆ ಕೂತು, ಚಹಾ ಕುಡಿದು, ಎದ್ದು ಬೇರೆ ಕೆಲಸಕ್ಕೆ ಹೋಗಿಬಿಡುತ್ತಿದ್ದೆ. ಅದರ ಜೊತೆಗಿದ್ದ ನಿನ್ನ ಚೀಟಿ ಬಾಯಿಪಾಠವಾಗಿದೆ. “ಅಪ್ಪ, ಬೀಸಿದಾಗ ಒಳಗೆ ಏನೋ ಟಕ್ ಅನ್ನುತ್ತೆ. ತುದಿಯ ಗುಂಡು ಸ್ವಲ್ಪ ಬಿಗಿ ಮಾಡಿ ಕಳಿಸು. ಹಿಡಿ ಮಾತ್ರ ಬಿಚ್ಚಬೇಡ. ಅಮ್ಮ ಸುತ್ತಿದ್ದು.”

ಅಮ್ಮ ಸುತ್ತಿದ್ದು ಎಂದು ನನಗೆ ಬೇರೆ ಹೇಳಬೇಕೆ? ಅವಳು ತೀರಿಹೋದ ಮೇಲೂ, ಅವಳ ಕೈಯಾಡಿ ಈ ವರ್ಕ್‌ಶಾಪಿನಿಂದ ಆಚೆ ಹೋದ ಒಂದೊಂದು ಹಿಡಿಯನ್ನೂ ನಾನು ಬೀದಿಯಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ಇದು ಅವಳು ಸುತ್ತಿದ ಕೊನೆಯದು. ಆ ತಿಂಗಳು ನನಗೆ ಕಣ್ಣಿನ ಆಪರೇಷನ್ ಆಗಿ, ಪಟ್ಟಿ ಕಟ್ಟಿಸಿಕೊಂಡು ಇದೇ ಕೋಣೆಯ ಮೂಲೆಯಲ್ಲಿ ಮಲಗಿದ್ದೆ. ನಿಮ್ಮ ನಾಟಕ ಕಂಪನಿಯ ಮಾಲೀಕರು ಯಾವುದೋ ಎಕ್ಸಿಬಿಷನ್ನಿನಲ್ಲಿ ಕೊಂಡ ಕತ್ತಿ ತಂದು, “ಹಿಡಿ ಬರೀ ಮರ ಇದೆ, ನಿಮ್ಮ ಮಗಳ ಕೈಗೆ ಒಪ್ಪೋ ಹಾಗೆ ದಾರ ಸುತ್ತಿ ಕೊಡಿ ತಾಯಿ” ಎಂದು ಹೇಳಿ ಹೋಗಿದ್ದು ನನಗೆ ಅರ್ಧಂಬರ್ಧ ಕೇಳಿಸಿತ್ತು. ಇನ್ ಶಾರ್ಟ್, ಆ ಕತ್ತಿಯ ಒಳಗೆ ಏನಿದೆ ಎಂದು ನಾನು ಇವತ್ತಿನವರೆಗೂ ನೋಡಿಲ್ಲ. ನೋಡದೆ ಒಂದು ಮೊಳೆಯನ್ನೂ ಆಚೆ ಕಳಿಸದವನು ನಾನು.

ಇನ್ ಶಾರ್ಟ್ ಎಂದಾಗಲೆಲ್ಲ ನೀನು ನಗುತ್ತೀಯ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದು ಪುಟ ಕೊಟ್ಟು, ಮೂರನೇ ಒಂದು ಪಾಲಿಗೆ ಇಳಿಸಿ ಬರೆಯಿರಿ ಎನ್ನುತ್ತಿದ್ದರು. ಅದಕ್ಕೇನೋ ಹೆಸರಿತ್ತು, ಪ್ರೆಸಿಯೋ ಪ್ರಿಸೈಸೋ. ನಾನು ಮೂರು ಪುಟ ಬರೆದು ಕೊಟ್ಟೆ. “ನೀನು ಮುಂದೆ ಏನಾದರೂ ಆಗು, ತಂತಿ ಆಫೀಸಿಗೆ ಮಾತ್ರ ಸೇರಬೇಡ” ಎಂದರು. ಸೇರಲಿಲ್ಲ.

ನೀನು ಕತ್ತಿ ಹಿಡಿದು ಹೊಟ್ಟೆ ಹೊರೆಯುವವಳು, ಆದರೂ ಹೇಳುತ್ತೇನೆ, ಕೇಳು. ನಕಲು ಕತ್ತಿಯಲ್ಲಿ ಎರಡು ಜಾತಿ. ಒಂದು ಗೋಡೆಗೆ, ಇನ್ನೊಂದು ಕೈಗೆ. ಹೊರಗಿನಿಂದ ಅವಳಿಜವಳಿ. ಅಲಗು ಹೊಳೆಯುತ್ತದೆ, ಅಲಗಿಗೂ ಹಿಡಿಗೂ ನಡುವಿನ ಅಡ್ಡಪಟ್ಟಿ ಹೊಳೆಯುತ್ತದೆ, ಗುಂಡು ಹೊಳೆಯುತ್ತದೆ. ಭೇದವೆಲ್ಲ ಹಿಡಿಯ ಒಳಗೆ. ಕೈಗೆಂದು ಮಾಡಿದ ಕತ್ತಿಯ ಅಲಗು ಅಡ್ಡಪಟ್ಟಿಯ ಹತ್ತಿರ ನಿಲ್ಲುವುದಿಲ್ಲ. ಅದೇ ಉಕ್ಕು ಸ್ವಲ್ಪ ಕಿರಿದಾಗಿ, ಬಾಲವಾಗಿ, ಮರದ ಹಿಡಿಯೊಳಗೆ ಪೂರ್ತಿ ಹಾದು, ಗುಂಡಿನ ತೂತಿನಿಂದ ಆಚೆ ಮೂತಿ ತೋರಿಸುತ್ತದೆ. ಆ ಮೂತಿಯನ್ನು ಕಾಯಿಸಿ ತಟ್ಟಿ ಚಪ್ಪಟೆ ಮಾಡಿದರೆ ಅಲಗು, ಪಟ್ಟಿ, ಹಿಡಿ, ಗುಂಡು ನಾಲ್ಕೂ ಒಂದೇ ಜೀವ. ಅಲಗು ಬಾಲವಾಗುವ ಜಾಗದಲ್ಲಿ ಹೆಗಲಿನಂತೆ ಎರಡು ಮೂಲೆ ಬರುತ್ತವೆ. ಅವನ್ನು ಚೂಪಾಗಿ ಬಿಡಬಾರದು, ಅರದಿಂದ ದುಂಡಗೆ ಉಜ್ಜಬೇಕು. ಬಿರುಕು ಹುಟ್ಟುವುದೇ ಚೂಪು ಮೂಲೆಯಲ್ಲಿ. “ನಿನ್ನ ತವರಿನವರ ಮಾತಿನ ಹಾಗೆ” ಎಂದು ನಾನೂ, “ನಿಮ್ಮ ಅಕ್ಕಂದಿರ ಮಾತಿನ ಹಾಗೆ” ಎಂದು ನಿಮ್ಮಮ್ಮನೂ ಆ ಮೂಲೆಗಳನ್ನು ಉಜ್ಜಿದ್ದೇವೆ.

ಗೋಡೆಯ ಕತ್ತಿಗೆ ಬಾಲವೇ ಇರುವುದಿಲ್ಲ. ಅಲಗನ್ನು ಬುಡದಲ್ಲೇ ಕತ್ತರಿಸಿ, ಪೆನ್ಸಿಲಿಗಿಂತ ಸಣ್ಣ ತಿರುಪಿನ ಕಂಬಿಯೊಂದನ್ನು ಅದಕ್ಕೆ ವೆಲ್ಡಿಂಗ್ ಮಾಡಿ, ಮೇಲೆ ಹಿಡಿ ತೊಡಿಸಿ, ಗುಂಡು ತಿರುಗಿಸಿ ಮುಚ್ಚಿಬಿಡುತ್ತಾರೆ. ಇಲಿಬಾಲ ಎನ್ನುತ್ತೇವೆ. ಗೋಡೆಯ ಮೇಲಿದ್ದರೆ ನೂರು ವರ್ಷ ಇರುತ್ತದೆ. ಬೀಸಿದರೆ, ಇವತ್ತಲ್ಲ ನಾಳೆ, ಆ ವೆಲ್ಡಿಂಗು ಕಳಚಿ ಹಿಡಿ ನಿನ್ನ ಕೈಯಲ್ಲೇ ಉಳಿಯುತ್ತದೆ, ಅಲಗು ಹಾರುತ್ತದೆ. ಅದರ ಎದುರು ಯಾರು ನಿಂತಿರುತ್ತಾರೆ? ನಿನ್ನ ಗಂಡ. ಅವರ ಹಿಂದೆ? ನೆಲದ ಮೇಲೆ ಕೂತ ಮಕ್ಕಳು.

ಕಿವಿ ಹೋದ ಮೇಲೆ ನಾನು ಬೆರಳಲ್ಲಿ ಕೇಳುತ್ತೇನೆ. ಅಲಗಿನ ತುದಿ ಹಿಡಿದು ಗುಂಡಿಗೆ ಗೆಣ್ಣಿನಿಂದ ತಟ್ಟಿದೆ. ಒಳ್ಳೆಯ ಕತ್ತಿ ಒಂದೇ ಸಲ ನಡುಗಿ ಸುಮ್ಮನಾಗುತ್ತದೆ. ಇದು ಎರಡು ಸಲ ನಡುಗಿತು.

ಗುಂಡು ಬಿಗಿ ಮಾಡಲು ಹೋಗಲಿಲ್ಲ. ಒಳಗೆ ಮುರಿದದ್ದನ್ನು ಹೊರಗಿನಿಂದ ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ, ಅಷ್ಟೇ. ಹಿಡಿ ಬಿಚ್ಚಲೇಬೇಕು ಮಗಳೇ. ಏನೆನ್ನುತ್ತೀಯೋ ಬರೆ. ಅಲ್ಲಿಯವರೆಗೆ ಬಿದಿರಿನ ಕೋಲು ಹಿಡಿದು ಅಭ್ಯಾಸ ಮಾಡು.

ನಿನ್ನ,
ಅಪ್ಪ

ಆಗಸ್ಟ್ 20, ಮಂಗಳವಾರ

ಸಿಡುಕಿ,

ಆಶೀರ್ವಾದ. ನಿನ್ನ ಪತ್ರ ಬಂತು. ಲಕೋಟೆ ಮುಟ್ಟಿದಾಗಲೇ ಬಿಸಿ ಇತ್ತು. ‘ಒಳಗೆ ಮುರಿದಿದೆ ಅಂತ ನಿನ್ನ ಬೆರಳು ಹೇಳಿದರೆ ನಾನು ನಂಬಬೇಕಾ? ಮನುಷ್ಯರ ಕೈ ಮುರಿದರೆ ಕೊಯ್ದು ನೋಡ್ತಾರಾ? ಎಕ್ಸ್‌ರೇ ತೆಗೆಸು’ ಎಂದು ನೀನು ಬರೆದದ್ದು ಕೋಪಕ್ಕೋ ತಮಾಷೆಗೋ ತಿಳಿಯಲಿಲ್ಲ. ತೆಗೆಸಿದೆ.

ನಗಬೇಡ. ಕತ್ತಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಕಂಕುಳಲ್ಲಿ ಇರುಕಿ, ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಕೊಡೆ ಎಂದುಕೊಂಡು ಸರಿದು ಜಾಗ ಮಾಡಿಕೊಟ್ಟಳು. ಎಕ್ಸ್‌ರೇ ತೆಗೆಯುವವನು ಸಣ್ಣ ವಯಸ್ಸಿನವನೇ, ಆದರೆ ಗಂಟಲು ದೊಡ್ಡದು, ಅವನ ಮಾತು ನನಗೆ ಪೂರ್ತಿ ಕೇಳಿಸಿತು.

“ಪೇಷೆಂಟ್ ಎಲ್ಲಿ ಯಜಮಾನ್ರೇ?”

ಬೆಡ್‌ಶೀಟು ಬಿಚ್ಚಿದೆ. ಅವನು ಕುರ್ಚಿಯನ್ನು ಗೋಡೆಯವರೆಗೂ ಹಿಂದೆ ಸರಿಸಿದ.

“ಯಾರನ್ನಾದರೂ ಕಡಿದು ಬಂದ್ರಾ?”

“ಇಲ್ಲಪ್ಪ. ಇದಕ್ಕೇ ಒಳಗೆ ಮೂಳೆ ಮುರಿದಿದೆ ಅಂತ ಅನುಮಾನ. ಹಿಡಿ ಬಿಚ್ಚದೆ ನೋಡಬೇಕು.”

“ಬಿಚ್ಚಿದರೇನಂತೆ?”

“ನನ್ನ ಹೆಂಡತಿ ಸುತ್ತಿದ್ದು. ಅವಳಿಲ್ಲ.”

ಅವನು ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡ. ಆಮೇಲೆ ಕಾಗದದಲ್ಲಿ ಬರೆದುಕೊಳ್ಳುತ್ತಾ, “ವಯಸ್ಸು?” ಎಂದ.

“ಮೂರಾಗಿರಬೇಕು.”

“ಹಾಗಾದರೆ ಮಕ್ಕಳ ಡೋಸು ಸಾಕು” ಎಂದು ಕತ್ತಿಯನ್ನು ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ. ಗಾಜಿನ ಆಚೆ ಹೋಗಿ ನಿಂತವನು ಅಭ್ಯಾಸಬಲದಿಂದ, “ಉಸಿರು ಬಿಗಿ ಹಿಡೀರಿ” ಎಂದ. ಹಿಡಿದಿದ್ದು ನಾನು.

ಪಟದಲ್ಲಿ ಅಲಗು ಬೆಳ್ಳಗೆ, ಅಗಲವಾಗಿ ಬಂದು, ಅಡ್ಡಪಟ್ಟಿಯ ಕೆಳಗೆ ತಟಕ್ಕನೆ ಮುಗಿದುಹೋಗುತ್ತದೆ. ಅಲ್ಲಿಂದ ಮುಂದೆ ಒಂದು ಸಣ್ಣ ಬಿಳಿ ಗೆರೆ, ಹಲ್ಲು ಹಲ್ಲಾಗಿ, ಗುಂಡಿನವರೆಗೆ. ಇಲಿಬಾಲ. ಅಲಗೂ ಕಂಬಿಯೂ ಸೇರುವಲ್ಲಿ ಮುಕ್ಕಾಲು ಭಾಗ ಕಪ್ಪು ಸೀಳು. ಅವನು ಪಟವನ್ನು ದೀಪಕ್ಕೆ ಹಿಡಿದು, “ನಾನು ಮೂಳೆ ಓದೋನು, ಕಬ್ಬಿಣ ನನಗೆ ಗೊತ್ತಿಲ್ಲ. ಆದರೆ ಇದು ಮೂಳೆ ಆಗಿದ್ದರೆ ನಿಮ್ಮನ್ನ ನಡೆಸಿಕೊಂಡು ಮನೆಗೆ ಕಳಿಸ್ತಿರಲಿಲ್ಲ” ಎಂದ. ಪಟವನ್ನು ಇದರ ಜೊತೆ ಇಟ್ಟಿದ್ದೇನೆ. ಕಿಟಕಿಯ ಬೆಳಕಿಗೆ ಹಿಡಿದು ನೋಡು. ಅಳಿಯಂದಿರಿಗೂ ತೋರಿಸು. ಕಾಲು ಭಾಗ ಲೋಹ ಅವರ ಪ್ರಾಣ ಕಾಯುತ್ತಿತ್ತು, ಗೊತ್ತಿರಲಿ.

ಇನ್ನು ದಾರಿ ಎಷ್ಟಿವೆ? ಒಂದು, ಇದನ್ನು ಗೋಡೆಗೆ ಹಾಕಿ ನಿನಗೆ ಬೇರೆ ಕತ್ತಿ ಮಾಡಿಕೊಡುವುದು. ನೀನು ಒಪ್ಪುವುದಿಲ್ಲ ಎಂದು ಬಲ್ಲೆ. ‘ಆ ಹಿಡಿ ಕೈಯಲ್ಲಿ ಇಲ್ಲದಿದ್ದರೆ ನಾನು ರಂಗದ ಮೇಲೆ ಹತ್ತೋದೇ ಇಲ್ಲ’ ಎಂದು ಬರೆದಿದ್ದೀಯ. ಅವಳು ತೀರಿಕೊಂಡ ವರ್ಷ ನೀನು ಮೂರು ಊರಿನಲ್ಲಿ ಬಣ್ಣ ಹಚ್ಚಿಕೊಂಡು ಕೂತು, ಎದ್ದು ಹೋಗಲಾರದೆ, ಬಣ್ಣ ಅಳಿಸಿಕೊಂಡೆ ಎಂದು ಅಳಿಯಂದಿರು ಹೇಳಿದ್ದರು. ಆಮೇಲೆ ಈ ಕತ್ತಿ ಹಿಡಿದು ಹೋದೆಯಂತೆ. ಹಾಗಾಗಿ ಆ ದಾರಿ ಬೇಡ.

ಎರಡನೆಯದು, ಇದೇ ಹಿಡಿಯನ್ನು ಹೊಸ ಅಲಗಿಗೆ ತೊಡಿಸುವುದು. ಒಳಗೆ ನಟ್ಟು ಬಿಗಿದು ಬಿಟ್ಟಿದ್ದರೆ ಬಳೆ ತೆಗೆದ ಹಾಗೆ ತೆಗೆದು, ಇನ್ನೊಂದಕ್ಕೆ ಹಾಕಿಬಿಡುತ್ತಿದ್ದೆ. ಅನ್‌ಫಾರ್ಚುನೇಟ್ಲಿ ಫ್ಯಾಕ್ಟರಿಯವರು ಕಂಬಿಯ ಸುತ್ತ ಅಂಟು ಸುರಿದು ಕಲ್ಲು ಮಾಡಿದ್ದಾರೆ. ಕಾಯಿಸಿದರೆ ಅಂಟು ಕರಗುವ ಮೊದಲೇ ದಾರ ಸುಡುತ್ತದೆ. ಕೊರೆಯೋಣವೆಂದರೆ, ಕಂಬಿಗೆ ಸಣ್ಣ ತೂತು ಸಾಕು, ನಿಜವಾದ ಬಾಲಕ್ಕೆ ಚಪ್ಪಟೆಯಾದ ಅಗಲ ಗೂಡು ಬೇಕು, ಅದನ್ನು ತುದಿಯಿಂದ ಕೊರೆಯಲು ಆಗುವುದಿಲ್ಲ. ಮರವನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಒಳಗೆ ಕೆತ್ತಿ, ಬಾಲವನ್ನು ನಡುವೆ ಮಲಗಿಸಿ, ಮತ್ತೆ ಸೇರಿಸಿ ಅಂಟಿಸಬೇಕು. ಆ ಎರಡು ಹೋಳನ್ನು ಜನ್ಮಕ್ಕೆ ಬಿಡದ ಹಾಗೆ ಹಿಡಿಯುವುದೇ ಸುತ್ತಿದ ದಾರ. ಅಂದರೆ, ದಾರ ಬಿಚ್ಚಿ ಬರಲೇಬೇಕು.

ನನಗೆ ಆಸೆಯೇ? ಬೆಳಿಗ್ಗೆ ಎರಡು ಸಲ ಸೂಜಿಮೊನೆಯಿಂದ ದಾರದ ತುದಿ ಹುಡುಕಿ, ಸಿಕ್ಕಿದ ಮೇಲೆ ಬಿಟ್ಟು ಎದ್ದು ಹೋದೆ. ಅವಳು ಮುಗಿಸಿದ ತುದಿ ಯಾರಿಗೂ ಸಿಗುತ್ತಿರಲಿಲ್ಲ. ನನಗೂ ಸಿಗಬಾರದಿತ್ತು ಎನ್ನಿಸಿತು.

ಅಪ್ಪನ ಹಟವಲ್ಲ ಇದು. ನೀನು ಒಪ್ಪದೆ ಕೈ ಹಾಕುವುದಿಲ್ಲ. ಒಪ್ಪದೆ ಕತ್ತಿಯನ್ನು ಕಳಿಸುವುದೂ ಇಲ್ಲ. ಈಗ ಸಿಡುಕು.

ನಿನ್ನ,
ಅಪ್ಪ

ಸೆಪ್ಟೆಂಬರ್ 9, ಸೋಮವಾರ

ಪ್ರೀತಿಯ ಮಗಳಿಗೆ,

ಅಪ್ಪನ ತುಂಬು ಆಶೀರ್ವಾದಗಳು. ಈ ಸಲವೂ ತಡ. ಕೆಲಸ ಮುಗಿಸಿಯೇ ಬರೆಯೋಣವೆಂದುಕೊಂಡೆ, ಮುಗಿದ ಮೇಲೂ ಪೆನ್ನು ಹಿಡಿಯಲು ಹೊತ್ತು ಹಿಡಿಯಿತು. ಇಲ್ಲಿ ಎಲ್ಲ ಸರಿಯಾಗಿದೆ. ಮನೆಯ ಹಿಂದಿನ ಕೊಳಾಯಿ ಸೋರುವುದು ನಿಂತಿದೆ, ತಾನಾಗಿಯೇ. ಸೋರುವುದು ನಿಂತಿದ್ದೂ ನನಗೆ ಭಯ.

ನಿನ್ನ ಪತ್ರದಲ್ಲಿ ಇದ್ದದ್ದು ಒಂದೇ ಸಾಲು. ‘ಬಿಚ್ಚು. ಕತ್ತರಿಸಬೇಡ. ಅದೇ ದಾರ ಮತ್ತೆ ಸುತ್ತಿಸು.’ ನಮ್ಮ ಮೇಷ್ಟ್ರು ಇದ್ದಿದ್ದರೆ ನಿನಗೆ ನೂರಕ್ಕೆ ನೂರು ಕೊಡುತ್ತಿದ್ದರು. ಅಳಿಯಂದಿರು ಕೆಳಗೆ ಸಣ್ಣಗೆ, ‘ಮಾವ, ಪಟ ನೋಡಿದ ಮೇಲೆ ನಾನು ಎರಡು ದಿನ ಅವಳಿಂದ ದೂರ ಕೂತು ಊಟ ಮಾಡಿದೆ’ ಎಂದು ಸೇರಿಸಿದ್ದರು. ಓದಿ ಒಬ್ಬನೇ ನಕ್ಕೆ.

ಕತ್ತರಿಸಲಿಲ್ಲ. ಕತ್ತರಿಯನ್ನು ಮೊದಲೇ ಒಳಗಿನ ಕೋಣೆಯಲ್ಲಿಟ್ಟು ಬಂದೆ. ದಾರವನ್ನು ಸೂಜಿಯಿಂದ ಎಬ್ಬಿಸಿ, ಒಂದು ಕಡ್ಡಿಗೆ ಸುತ್ತಿಕೊಳ್ಳುತ್ತಾ ಬಿಚ್ಚಿದೆ. ಮರ ಬರಿದಾದ ಮೇಲೆ ಗರಗಸ ಇಟ್ಟು ಸೀಳಿದೆ. ಅರ್ಧ ಸೀಳುವಷ್ಟರಲ್ಲಿ ಅಲಗು ಹಾಲುಹಲ್ಲಿನ ಹಾಗೆ ಕಳಚಿ ಕೈಗೆ ಬಂತು. ಎಳೆಯಲೂ ಇಲ್ಲ, ತಟ್ಟಲೂ ಇಲ್ಲ. ವೆಲ್ಡಿಂಗು ಅಂಚಿನಲ್ಲಿ ಮಾತ್ರ ಹಿಡಿದಿತ್ತು, ನಡುವೆಲ್ಲ ತುಕ್ಕು. ಆ ಅಲಗನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ನೀನು ಅದನ್ನು ಬೀಸುತ್ತಿದ್ದ ಒಂದೊಂದು ಊರೂ, ಆ ಊರಿನ ಮುಂದಿನ ಸಾಲೂ ಕಣ್ಣ ಮುಂದೆ ಬಂದು ಹೋದವು. ನೀನು ಟಕ್ ಎಂದದ್ದನ್ನು ಕೇಳಿಸಿಕೊಂಡು ನನಗೆ ಕಳಿಸಿದೆಯಲ್ಲ, ಅದೇ ದೊಡ್ಡದು. ಎಷ್ಟೋ ಜನ ಇನ್ನೊಂದು ಆಟ ಆಗಲಿ ಎನ್ನುತ್ತಾರೆ.

ಹೊಸ ಅಲಗು ನನ್ನದೇ. ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದು. ಬಾಲ ಅಗಲವಾಗಿದೆ, ಗುಂಡಿನ ಕಡೆಗೆ ಸ್ವಲ್ಪ ಸ್ವಲ್ಪವೇ ಕಿರಿದಾಗುತ್ತದೆ. ಹೆಗಲಿನ ಮೂಲೆಗಳನ್ನು ದುಂಡಗೆ ಉಜ್ಜಿದ್ದೇನೆ, ಒಬ್ಬನೇ ಉಜ್ಜಿದ್ದರಿಂದ ಬೈಯಲು ಯಾರೂ ಸಿಗಲಿಲ್ಲ. ಹಳೆಯ ಮರವನ್ನೇ ಒಳಗೆ ಕೆತ್ತಿ, ಬಾಲಕ್ಕೆ ಗೂಡು ಮಾಡಿ, ಎರಡು ಹೋಳನ್ನೂ ಕೂಡಿಸಿದ್ದೇನೆ. ಬಾಲದ ಮೂತಿ ಗುಂಡಿನಾಚೆ ಬಂದಿದೆ, ತಟ್ಟಿದ್ದೇನೆ. ಅಲ್ಲಿ ಒಂದು ಚಪ್ಪಟೆ ಬೊಟ್ಟು ಕಾಣುತ್ತದೆ, ಪಾಲಿಶ್ ಮಾಡಿ ಅಳಿಸಬೇಡ. ಅದು ಕಾಣುತ್ತಿರುವವರೆಗೆ ಒಳಗೆ ಎಲ್ಲ ನೆಟ್ಟಗಿದೆ ಎಂದು ಅರ್ಥ. ಅಲಗನ್ನು ಇಕ್ಕಳದಲ್ಲಿ ಕಚ್ಚಿಸಿ ಬಿಲ್ಲಿನಂತೆ ಬಗ್ಗಿಸಿದೆ, ಬಿಟ್ಟೆ, ನೆಟ್ಟಗೆ ನಿಂತಿತು. ಹಿತ್ತಿಲಿನ ಕಂಬಕ್ಕೆ ನನ್ನ ಶಕ್ತಿ ಇರುವಷ್ಟು ಹೊಡೆದೆ. ಕಂಬ ಬಾಡಿಗೆ ಮನೆಯದು, ಅದರ ಗಾಯವನ್ನು ಮಣ್ಣು ಮೆತ್ತಿ ಮುಚ್ಚಿದ್ದೇನೆ. ಗುಂಡಿಗೆ ಗೆಣ್ಣಿನಿಂದ ತಟ್ಟಿದರೆ ಈಗ ಒಂದೇ ಸಲ ನಡುಗುತ್ತದೆ.

ದಾರ ಸುತ್ತಿದ್ದು ದಾರದಕ್ಕ. ನಿನಗೆ ಚೆನ್ನಾಗಿ ಗೊತ್ತಲ್ಲ, ಅಮ್ಮನ ಪಕ್ಕದ ಮಣೆಯಲ್ಲಿ ಕೂತು ಹಿಡಿಗಳಿಗೆ ಸುತ್ತುತ್ತಿದ್ದವಳು, ಈಗ ಹಿಂದಿನ ಬೀದಿಯಲ್ಲಿ ಚೀಲ ಹೊಲಿಯುತ್ತಾಳೆ. ನಿನಗೆ ಶುಭಾಶಯ ಹೇಳಿದ್ದಾಳೆ. ಹಿಡಿ ಮೊದಲಿನಷ್ಟೇ ದಪ್ಪವಾಗಿದೆ, ಅಂಗೈಗೆ ವ್ಯತ್ಯಾಸ ತಿಳಿಯದು. ಹಾಗೇ ಇರಬೇಕೆಂದು ನಾನೇ ಹೇಳಿದೆ.

ಧೈರ್ಯವಾಗಿ ಬೀಸು. ಅಳಿಯಂದಿರಿಗೆ ಹತ್ತಿರ ಕೂತು ಊಟ ಮಾಡಲು ಹೇಳು. ನಿಮ್ಮಿಬ್ಬರ ಕೈಕಾಲು ಗಟ್ಟಿಯಾಗಿರಲಿ, ಗಂಟಲು ಗಟ್ಟಿಯಾಗಿರಲಿ, ಮುಂದಿನ ಸಾಲಿನ ಮಕ್ಕಳು ಕಣ್ಣು ಮಿಟುಕಿಸದೆ ನೋಡಲಿ. ನಿನ್ನ ಆಯಸ್ಸಿಗೆ ನನ್ನದೂ ಸೇರಲಿ, ನನಗೆ ಬೇಕಾದಷ್ಟು ಉಳಿಸಿಕೊಂಡು.

ನಿನ್ನ,
ಅಪ್ಪ

ತಾ.ಕ.: ಲಕೋಟೆ ಅಂಟಿಸಿ, ನೀರು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ದಾರದ ಮಾತು ಅರ್ಧ ಮಾತ್ರ.

ಮೇಲಿನ ಸುತ್ತು ಪೂರ್ತಿ ಬಿಚ್ಚಿದ ಮೇಲೆ ಮರ ಸಿಗಬೇಕಿತ್ತು. ಸಿಗಲಿಲ್ಲ. ಕೆಳಗೆ ಇನ್ನೊಂದು ಸುತ್ತು ಇತ್ತು. ಅದೇ ಬಣ್ಣದ ದಾರ. ಒಂದು ಕಡೆ ಎಳೆಗಳು ಒಂದರ ಮೇಲೊಂದು ಏರಿವೆ, ಇನ್ನೊಂದು ಕಡೆ ನಡುವೆ ಮರ ಕಾಣುವಷ್ಟು ಬಿಟ್ಟಿವೆ. ನಡುನಡುವೆ ಗಂಟು. ಹಿಡಿಯ ನಡುವೆ ಗಂಟು ಬರಬಾರದು ಎಂದು ನಿನಗೆ ಚಿಕ್ಕಂದಿನಿಂದ ಗೊತ್ತು. ಶುರುಮಾಡಿದ ಕೈ ಮುಗಿಯುವವರೆಗೂ ಬಿಗಿ ಬಿಡಬಾರದು, ಊರಿಗೆ ಬೆಂಕಿ ಬಿದ್ದರೂ ಏಳಬಾರದು. ನಿಮ್ಮಮ್ಮ ಬಾಗಿಲು ಬಡಿದವರನ್ನೆಲ್ಲ “ಕೈಲಿ ದಾರ ಇದೆ” ಎಂದು ಹೊರಗೇ ನಿಲ್ಲಿಸುತ್ತಿದ್ದವಳು. ಗಂಟು ಬಿದ್ದಿದೆ ಎಂದರೆ ಅಲ್ಲಲ್ಲಿ ಕೈ ಸೋತು, ದಾರ ಸಡಿಲಿ, ಕಟ್ಟಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಿಡಿದಿದ್ದಾರೆ ಎಂದು ಅರ್ಥ.

ಮೊದಲು ಯಾರೋ ಕಲಿಯುವವರ ಕೈ ಎಂದುಕೊಂಡೆ. ದಾರದಕ್ಕನ ಹತ್ತಿರ ತೆಗೆದುಕೊಂಡು ಹೋದೆ. ಅವಳಿಗೆ ನನ್ನ ಎಡಗಿವಿಗೆ ಮಾತಾಡಬೇಕೆಂದು ಗೊತ್ತು. ಹಿಡಿ ನೋಡಿದವಳು ಎದ್ದು ಎಡಗಡೆಗೆ ಬಂದು ಕೂತಳು.

“ಮೇಲಿನದು ನಂದು, ಅಣ್ಣ. ಕೆಳಗಿರೋದು ಅಕ್ಕಂದು.”

“ಅವಳು ಹೀಗೆ ಸುತ್ತಲ್ಲ.”

“ಆಗ ಹಾಗೇ ಆಗ್ತಿತ್ತು. ಬೆರಳು ಹಿಡಿತಾ ಇರಲಿಲ್ಲ. ನೀವು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಿರಲ್ಲ, ಅದಕ್ಕೂ ಮೊದಲಿಂದಲೇ ಒಂದೊಂದು ಹಿಡಿ ನಾನೇ ಮಾಡಿಕೊಡ್ತಿದ್ದೆ. ಇದನ್ನ ಮಾತ್ರ ನಾನೇ ಸುತ್ತುತೀನಿ, ನನ್ನ ಮಗಳದು ಅಂತ ಹಟ ಮಾಡಿದರು. ಮುಗಿಸಿ, ನೋಡಿ, ಅತ್ತರು. ಬಿಚ್ಚಿ ನಾನು ಸುತ್ತಿಕೊಡ್ತೀನಿ ಅಂದೆ. ಬಿಚ್ಚಬೇಡ, ಅದರ ಮೇಲೇ ಸುತ್ತು, ನಂದು ಒಳಗೆ ಇರಲಿ ಅಂದರು.”

“ನನಗೆ ಯಾಕೆ ಹೇಳಲಿಲ್ಲ?”

ದಾರದಕ್ಕ ನನ್ನ ಮುಖ ನೋಡಲಿಲ್ಲ. “ನಾನೂ ಕೇಳಿದೆ, ಅಣ್ಣ. ಅವರಿಗೆ ಹೇಳಿದರೆ ನಾಳೆಯಿಂದ ನನ್ನ ಕೈಯಿಂದ ದಾರ ಕಿತ್ಕೊಂಡು, ಕೂರಿಸಿ ಅನ್ನ ಹಾಕ್ತಾರೆ ಅಂದರು.”

ಹೌದು ಮಗಳೇ. ಹಾಗೇ ಮಾಡುತ್ತಿದ್ದೆ.

ಆ ಹಿಡಿ ಸುತ್ತಿ ಆರು ತಿಂಗಳಿಗೆ ನಿಮ್ಮಮ್ಮನ ಕೈಯಿಂದ ಲೋಟ ಬಿದ್ದಾಗ “ಜಾರಿತು” ಎಂದಳು, ನಂಬಿದೆ. ಡಾಕ್ಟರು ನರದ ಕಾಯಿಲೆ ಎಂದು ಹೇಳಿ, ಮೊದಲೇ ಬಂದಿದ್ದರೂ ಇಷ್ಟೇ, ಯಾರೂ ಏನೂ ಮಾಡುವ ಹಾಗಿರಲಿಲ್ಲ ಎಂದಿದ್ದರು. ಹಾಗಾಗಿ ಉಳಿಯುತ್ತಿದ್ದಳೇನೋ ಎಂಬ ಕೊರಗು ನನಗಿಲ್ಲ. ನನಗೆ ಇರುವುದು ಬೇರೆ. ಒಂದೇ ಕೋಣೆ, ಒಂದೇ ಮೇಜು, ಒಂದೇ ಹಾಸಿಗೆ. ಕಷ್ಟ ಬಂದಾಗ ಅವಳು ನಾಲ್ಕು ಹೆಜ್ಜೆ ಆ ಕಡೆಗೆ ಹೋಗಿ ಇನ್ನೊಬ್ಬಳ ಕಿವಿಯಲ್ಲಿ ಹೇಳಿದಳು.

ಕೆಳಗಿನ ದಾರವನ್ನು ಮರ ಕೂಡಿಸಿದ ಮೇಲೆ ನಾನೇ ಮತ್ತೆ ಸುತ್ತಿದೆ. ಒಂದು ಗಂಟನ್ನೂ ಬಿಚ್ಚಲಿಲ್ಲ. ದಾರದಕ್ಕ ಅದರ ಮೇಲೆ ತೆಳ್ಳಗೆ ಅಂಟು ಹಚ್ಚಿ, ತನ್ನ ದಾರವನ್ನು ಮೊದಲಿನ ಹಾಗೆಯೇ ಬಿಗಿದಳು. ಸುತ್ತುತ್ತಿರುವಾಗ ಕೇಳಿದೆ, “ನನ್ನ ಮಗಳಿಗೆ ಇದು ಗೊತ್ತಿತ್ತಾ?” ಅವಳಿಗೆ ಕೇಳಿಸಲಿಲ್ಲವೆಂದು ಮತ್ತೆ ಜೋರಾಗಿ ಕೇಳಿದೆ. “ಕೈಲಿ ದಾರ ಇದೆ, ಅಣ್ಣ” ಎಂದಳು.

ನಿನಗೆ ಗೊತ್ತಿರಲಿಲ್ಲ ಎಂದಾದರೆ, ನಿನಗೂ ಈಗ ನನ್ನ ಹಾಗೇ ಆಗಿರುತ್ತದೆ. ಕೂಡಲೇ ಒಂದು ಸಾಲು ಬರೆ, ಇಬ್ಬರೂ ಸೇರಿ ಅವಳನ್ನು ಬೈಯೋಣ.

ಗೊತ್ತಿತ್ತು ಎಂದಾದರೆ ಅದನ್ನು ಬರೆಯಬೇಡ. ಕತ್ತಿ ತಲುಪಿತು ಎಂದಷ್ಟೇ ಬರೆ.